ಗದ್ವಾಲದಾಗ ಡೊಳ್ಳಿಲ್ಲದ ಕುಣಿತ

ಮಾಳಮ್ಮ,

ಈ ಪತ್ರ ನಿನಗ ಕಳಿಸೂದಿಲ್ಲ. ನನ್ನ ಅಕ್ಷರ ನಿನ್ನ ಕೈಗೆ ಸಿಗೂದೂ ನನಗ ಬ್ಯಾಡ.

ಇವತ್ತು ಮಧ್ಯಾಹ್ನ ಗದ್ವಾಲದಾಗ ನಮ್ಮ ಕುಣಿತ ಆತು. ಇನ್ನ ನೂರು ವರ್ಷ ಕಳದ ಮ್ಯಾಲೆ, ಜೂರಾಲ ಡ್ಯಾಮಿನ ನೀರು ಬತ್ತಿದಾಗ ಇಲ್ಲಿ ಮಂದಿ ಹೆಂಗ ಕುಣೀತಾರ ಅಂತ ನೀನೂ, ನಾನೂ, ಘಾನಾದ ಎಫುವಾನೂ ಕೂಡಿ ಕಟ್ಟಿದ್ದು. ಆಕಿ ಊರಿನ ಹೆಜ್ಜಿ, ನಮ್ಮ ಬೀರಪ್ಪ ದೇವರ ಡೊಳ್ಳು. ಹದಿನೈದು ದಿನದ ಹಿಂದ ನೀ ಮಕ್ತಲದ ಗುಡಿ ಹಿರಿಯರ ಮುಂದ ಹೋಗಿ, "ದೇವರ ಡೊಳ್ಳಿಗೆ ಪರದೇಶದಾಕಿ ಕುಣೀತಾಳ" ಅಂತ ಚಾಡಿ ಹೇಳಿದಿ. ಅವರು ಡೊಳ್ಳು ಕಸಗೊಂಡು ಹೋದ್ರು. ಅವರೊಳಗ ಒಬ್ಬರ ಮನಿಯಾಗ ನಿನ್ನ ಲಗ್ನ ಗಟ್ಟಿ ಆಗಬೇಕಿತ್ತಲ್ಲ!

ಎಫುವಾ ನೀರಿನ ಪ್ಲಾಸ್ಟಿಕ್ ಡ್ರಮ್ ಬೋರಲು ಹಾಕಿ ಬಾರಿಸಿದಳು. ನಾವು ಉಳಿದ ಐದು ಮಂದಿ ಕುಣಿದ್ವಿ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ನಿನ್ನ ಹೊಟ್ಟಿ ಉರೀಲಿ.

ಮುಗದ ಮ್ಯಾಲೆ ನಿಮ್ಮವ್ವ ಹತ್ರ ಬಂದ್ರು. ಮನ್ಯಾಗ ಯಾರಿಗೂ ಹೇಳದಂಗ ಬಸ್ ಹತ್ತಿ ಬಂದಿದ್ರಂತ.

"ರಜಿತಾ, ನಡುವ ಒಬ್ಬರು ನಿಲ್ಲೂವಷ್ಟು ಜಾಗ ಬಿಟ್ಟು ಎಲ್ಲಾರೂ ಸುತ್ತು ಹೊಡದ್ರಲ್ಲ, ಯಾಕವ್ವ?"

"ಅಲ್ಲಿ ನಿಮ್ಮ ಮಗಳು ಇರಬೇಕಿತ್ರೀ," ಅಂದೆ.

ಅವರು ವೇದಿಕಿ ಹತ್ತಿ, ಆ ಜಾಗದಾಗ ಒಂದು ಗಳಿಗಿ ನಿಂತು, ಇಳದು ಹೋದ್ರು.

ನಿನ್ನ ಹೆಜ್ಜಿ ಬ್ಯಾರೆಯವರಿಗೆ ಕಲಿಸಾಕ ಟೈಮ್ ಸಾಲಲಿಲ್ಲ, ಅದಕ್ಕ ಖಾಲಿ ಬಿಟ್ಟೀನಿ. ನೀ ಬ್ಯಾರೆ ಏನೂ ತಿಳಕೋಬ್ಯಾಡ. ಇನ್ನ ಮೂರು ತಿಂಗಳಿಗೆ ನಾರಾಯಣಪೇಟಿಯಾಗ ಮತ್ತ ಈ ಕುಣಿತ ಐತಿ. ಅಲ್ಲಿಗೂ ಟೈಮ್ ಸಾಲೂದಿಲ್ಲ.

ರಜಿತಾ