ದುರ್ಗಾ ಬಚ್ಚಿಟ್ಟ ಚಪ್ಪಲಿ

ಕೊಂಢವಾ, ಪುಣೆ
೨೪ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಭುವನಾ,

ಅತ್ತೆಯವರ ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಅಂಗಳದವರೆಗೆ ನಡೆದರೆಂದು ಕೇಳಿ ಸಮಾಧಾನವಾಯಿತು. ಅವರ ಆರೈಕೆಯ ಭರದಲ್ಲಿ ನಿನ್ನ ಬಿ.ಪಿ. ಗುಳಿಗೆ ಮರೆಯಬೇಡ. ನೀನು ಧಾರವಾಡದ ತವರಿಗೆ ಹೋಗಿ ಎರಡು ತಿಂಗಳಾಯಿತು. ಇಲ್ಲಿ ನಾನು ಮಾಡಿದ ಸಾರನ್ನು ನಾನೇ ಉಂಡು ಆರೋಗ್ಯವಾಗಿದ್ದೇನೆ, ಅದೇ ಆಶ್ಚರ್ಯ.

ಶುಕ್ರವಾರ ಫೋನಿನಲ್ಲಿ ‘ದುರ್ಗಾ ಹೋದಳು’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಇವತ್ತು ಎಲ್ಲ ಬರೆಯುತ್ತೇನೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಮೊದಲು ಇದನ್ನು ಕೇಳು: ನಾವು ಗೆದ್ದೆವು. ದತ್ತು ಸಂಸ್ಥೆಯವರು ಒಂದು ಮನೆ ಸಿಗುವವರೆಗೆ ಸಾಕಿರೆಂದು ನಮ್ಮಲ್ಲಿ ಬಿಟ್ಟ, ಹಿಂದುಮುಂದು ಯಾರೂ ಇಲ್ಲದ ಕೂಸಿಗೆ ನಾಲ್ಕನೇ ವಯಸ್ಸಿನಲ್ಲಿ ಅಪ್ಪ ಅಮ್ಮ ಸಿಕ್ಕಿದರು. ನಮ್ಮ ವಯಸ್ಸಿನವರಿಗೆ ದತ್ತು ಕೊಡುವುದಿಲ್ಲವೆಂದು ಸಂಸ್ಥೆಯ ಸುಖೇಶ್ ಹೇಳಿದ ದಿನ ನೀನು ಅತ್ತಿದ್ದು ನೆನಪಿದೆ. ಆಮೇಲೆ ‘ಹಂಗಾದ್ರ ಭಾಳ ಛಲೋ ಮನಿ ಹುಡುಕೂಣ್ರಿ’ ಎಂದು ಕಣ್ಣೊರೆಸಿಕೊಂಡವಳೂ ನೀನೇ.

ಒಂದು ತಪ್ಪು ಒಪ್ಪಿಕೊಳ್ಳೋಣ, ಸಿಟ್ಟಾಗಬೇಡ. ಮೊದಲ ಎರಡು ಸಲ ದಂಪತಿಗಳು ನೋಡಲು ಬಂದಾಗ ನಾವು ಕನ್ಯಾ ತೋರಿಸಿದ ಹಾಗೆ ತೋರಿಸಿದೆವು. ರೇಷ್ಮೆ ಪರಕರ, ಎಣ್ಣೆ ಹಚ್ಚಿ ಬಿಗಿದ ಜಡೆ, ತಟ್ಟೆಯಲ್ಲಿ ಅವಲಕ್ಕಿ. ಕುರ್ಚಿ ಬಿಟ್ಟು ಏಳಬಾರದು, ಯಾರ ಚಪ್ಪಲಿಯನ್ನೂ ಮುಟ್ಟಬಾರದು ಎಂದು ನಿನ್ನ ತಾಕೀತು ಬೇರೆ. ಮನಸ್ಸಿಗೆ ಬಂದವರು ಮನೆ ಬಿಟ್ಟು ಹೋಗಬಾರದೆಂದು ಅವರದೊಂದು ಚಪ್ಪಲಿ ಬಚ್ಚಿಡುವುದು ಅವಳ ಚಾಳಿಯಲ್ಲವೇ? ಗ್ಯಾಸ್ ತಂದವನು ಅರ್ಧ ತಾಸು ಹುಡುಕಿದ್ದ! ಬಂದವರ ಮುಂದೆ ಅದು ಬೇಡವೆಂದು ನೀನು ನಾಚಿಕೊಂಡೆ, ನಾನೂ ತಲೆಯಾಡಿಸಿದೆ. ಪಾಪ, ಇಷ್ಟವಾದರೆ ಹೇಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಮಗು ಯಾರೊಂದಿಗೂ ಬೆರೆಯುವುದಿಲ್ಲವೆಂದು ಎರಡೂ ಜೋಡಿ ಹಿಂದೆ ಸರಿದವು. ಇನ್ನೊಂದು ಸಲ ಹೀಗಾದರೆ ಕಷ್ಟ, ವಯಸ್ಸು ಏರಿದಷ್ಟೂ ಕೇಳುವವರು ಕಡಿಮೆ ಎಂದಿದ್ದ ಸುಖೇಶ್.

ಮೂರನೆಯ ಸಲ ನೀನಿರಲಿಲ್ಲ. ಜಡೆ ನನ್ನ ಕೈಯಲ್ಲಿ ಆಗಲಿಲ್ಲ, ಪರಕರದ ಲಾಡಿ ಸಿಗಲಿಲ್ಲ. ಸಾಯಲಿ ಮತ್ತು ಅವಳ ಗಂಡ ಬಂದಾಗ ದುರ್ಗಾ ಹಳೆಯ ಫ್ರಾಕಿನಲ್ಲಿ ಚಪಾತಿ ಹಿಟ್ಟು ಮೆತ್ತಿಕೊಂಡು ಓಡಾಡುತ್ತಿದ್ದಳು. ಅವರದು ಇಲ್ಲಿಯ ಕ್ಯಾಂಪ್ ಪೇಟೆಯಲ್ಲಿ ಕನ್ನಡಕದ ಅಂಗಡಿ. ಸಾಯಲಿಯ ತವರು ಬೆಳಗಾವಿ. ಒಂದು ತಾಸು ಕೂತರು. ಹೊರಡುವಾಗ ನೋಡಿದರೆ ಸಾಯಲಿಯ ಎಡಗಾಲಿನ ಚಪ್ಪಲಿ ಇಲ್ಲ. ಕೆಲಸ ಕೆಟ್ಟಿತೆಂದು ಹೆದರಿದೆ, ಒಳಗೊಳಗೇ ಕುಣಿಯುವಷ್ಟು ಖುಷಿಯೂ ಆಯಿತು. ಅವರೊಂದಿಗೆ ಬಂದಿದ್ದ ಸುಖೇಶ್ ಸೋಫಾದಡಿ ಬಗ್ಗಿ ಹುಡುಕುತ್ತಿದ್ದ. ನಾನು ದುರ್ಗಾಳ ಚಾಳಿಯನ್ನೂ ಅದರ ಅರ್ಥವನ್ನೂ ಹೇಳಿಬಿಟ್ಟೆ. ಸಾಯಲಿ ಬಂದು ದುರ್ಗಾಳ ಎದುರು ನೆಲಕ್ಕೆ ಕೂತಳು. ‘ಇರ್ಲಿ, ಅದು ನಿನ್ನ ಕಡೆನ ಇರ್ಲಿ. ನಾಳೆ ತಗೊಳ್ಳಾಕ ಬರ್ತೀನಿ’ ಎಂದಳು. ಇನ್ನೊಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಮೂರು ಮಹಡಿ ಇಳಿದು ಹೋದಳು.

ಮರುದಿನ ಗಂಡನೊಂದಿಗೆ ಬಂದಳು. ದುರ್ಗಾ ಅಕ್ಕಿ ಡಬ್ಬಿಯಿಂದ (ಹೌದು, ನಿನ್ನ ಅಕ್ಕಿ ಡಬ್ಬಿಯಿಂದಲೇ) ಚಪ್ಪಲಿ ತೆಗೆದು ಕೊಟ್ಟು, ಅವಳ ಗಂಡನದೊಂದನ್ನು ಬಚ್ಚಿಟ್ಟಳು. ಹೀಗೆ ಆ ಇಬ್ಬರೂ ಎಷ್ಟು ಸಲ ಬಂದರೋ, ಎಷ್ಟು ಸಲ ಬರಿಗಾಲಲ್ಲಿ ಇಳಿದರೋ! ಅಷ್ಟರಲ್ಲಿ ಕಾಗದಪತ್ರಗಳೂ ಮುಗಿದವು. ಶುಕ್ರವಾರ ಕರೆದೊಯ್ಯಲು ಬಂದಾಗ ಯಾವ ಚಪ್ಪಲಿಯೂ ಕಾಣೆಯಾಗಲಿಲ್ಲ. ಅವಳೇ ಇಬ್ಬರ ಜೋಡುಗಳನ್ನೂ ಬಾಗಿಲಲ್ಲಿ ಜೋಡಿಸಿಟ್ಟು, ನಡುವೆ ತನ್ನ ಪುಟ್ಟ ಜೋಡು ಇಟ್ಟಳು. ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. ನೀನು ಇರಬೇಕಿತ್ತು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ತಮ್ಮನಿಗೆ ಈ ಪತ್ರ ಓದಲು ಕೊಡಬೇಡ, ನಾನು ಅತ್ತದ್ದಕ್ಕೆ ಆಡಿಕೊಂಡು ನಗುತ್ತಾನೆ.

ನಿನ್ನವನೇ ಆದ
ಮನೋಹರ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಾಯಲಿಯ ಫೋನ್ ಬಂತು. ಎರಡು ದಿನದಿಂದ ನೀನು ಮನೆಯಲ್ಲಿ ಹಾಕುವ ನೀಲಿ ಚಪ್ಪಲಿಗಳಲ್ಲಿ ಒಂದು ಕಾಣುತ್ತಿರಲಿಲ್ಲ. ದುರ್ಗಾಳ ಚೀಲದ ತಳದಲ್ಲಿತ್ತಂತೆ. ತೆಗೆಯಲು ಹೋದರೆ ‘ಮುಟ್ಟಬ್ಯಾಡ, ಅಜ್ಜಿ ತಗೊಳ್ಳಾಕ ಬರ್ತಾಳ’ ಅಂದಳಂತೆ. (ನನ್ನವು ಎರಡೂ ಇಲ್ಲೇ ಇವೆ, ಎರಡು ಸಲ ನೋಡಿದೆ.) ಸಾಯಲಿ ಮುಂದಿನ ರವಿವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಾಳೆ. ನಿನ್ನ ಇನ್ನೊಂದು ನೀಲಿ ಚಪ್ಪಲಿಯನ್ನು ಬಾಗಿಲಲ್ಲೇ ಇಟ್ಟಿದ್ದೇನೆ, ಬೇಗ ಬಾ.