ಗೊಂಬೆ ಮೆಟ್ಟಿಲಲ್ಲಿ ವೆಲಾಸಿರ್ಯಾಪ್ಟರ್

ಶಂಕರಪುರಂ, ಶುಕ್ರವಾರ

ಚಿಕ್ಕಮ್ಮಾ,

ನೀನು ಕಳಿಸಿದ ಗರಿಗಳು ಕೆಲಸಕ್ಕೆ ಬಂದವು. ನಾನು ಬಾಡಿಗೆಗಿರುವ ಮನೆಯ ಶಿವಕುಮಾರಿ ಆಂಟಿ ದಸರಾಕ್ಕೆ ಗೊಂಬೆ ಕೂರಿಸುತ್ತಾರೆ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಇರಬೇಕು. ಈ ಸಲ ಅದು ನಿನ್ನ ಪಾಲು ಎಂದು ನನಗೆ ಹೇಳಿದ್ದರು. ಆಫೀಸಿನಲ್ಲಿ ಮಕ್ಕಳ ಡೈನೋಸಾರ್ ಪುಸ್ತಕದ ಕರಡು ತಿದ್ದುತ್ತಿದ್ದೇನಲ್ಲ, ಅದರಲ್ಲಿರುವ ವೆಲಾಸಿರ್ಯಾಪ್ಟರನ್ನೇ ಬಟ್ಟೆಯಲ್ಲಿ ಹೊಲಿದೆ. ನಿಜವಾದದ್ದು ಟರ್ಕಿ ಕೋಳಿಯಷ್ಟಿತ್ತಂತೆ, ಮಾಂಸಾಹಾರಿ. ಅದರ ಮುಂಗೈ ಮೂಳೆಯ ಪಳೆಯುಳಿಕೆಯಲ್ಲಿ ಗರಿ ನಾಟಿದ್ದ ಗುರುತುಗಳು ಸಿಕ್ಕಿವೆ.

ನಿನ್ನೆ ಆರತಿಗೆ ಬಂದ ಎದುರುಮನೆಯವರು, "ಏನ್ರೀ, ಮಾಂಸ ತಿನ್ನೋದನ್ನ ಪಟ್ಟದ ಗೊಂಬೆ ಹತ್ರ ಇಟ್ಟಿದೀರಾ?" ಎಂದರು.

"ಮತ್ತೆ ಅದರ ಪಕ್ಕದಲ್ಲಿರೋ ಚಾಮುಂಡಿ ಸಿಂಹ ಏನ್ ಸೊಪ್ಪು ತಿನ್ನತ್ತಾ?" ಎಂದರು ಆಂಟಿ. ಆಮೇಲೆ ಗೊಂಬೆಯನ್ನು ಕೈಗೆತ್ತಿಕೊಂಡು ನನ್ನನ್ನು ಕೇಳಿದರು, "ಇದು ಯಾವುದರ ಗರಿನಮ್ಮ?"

ನಮ್ಮದು ಕೋಳಿ ಸಾಕುವ, ತಿನ್ನುವ ಮನೆಯೆಂದು ಇಲ್ಲಿ ಬಾಯಿ ಬಿಟ್ಟಿರಲಿಲ್ಲ, ರೂಮು ಹೋದೀತೆಂಬ ಹೆದರಿಕೆ. ಆದರೂ "ಚಿಕ್ಕಮ್ಮನ ಕೋಳೀದು ಆಂಟಿ" ಎಂದುಬಿಟ್ಟೆ. ಅವರು ಅದರ ಬೆನ್ನು ಸವರಿದರು. "ಬಾಲ ಬೋಳು ಬೋಳಾಗಿದೆ. ಇನ್ನೊಂದಿಷ್ಟು ಕಳಿಸೋಕೆ ಹೇಳು, ತೊಳೆದು ಕಳಿಸ್ಲಿ" ಎನ್ನುತ್ತಾ ಮತ್ತೆ ಸಿಂಹದ ಪಕ್ಕದಲ್ಲೇ ಕೂರಿಸಿದರು. ರಾತ್ರಿ ನನಗೆ ಎರಡು ರವೆ ಉಂಡೆ ಜಾಸ್ತಿ ಸಿಕ್ಕವು.

ಕೆಮ್ಮು ವಾಸಿಯಾಗಿದೆ, ಕಷಾಯ ಬಿಟ್ಟಿದ್ದೇನೆ. ಕಾಗದದಲ್ಲಿ ಜಾಗ ಮುಗಿಯಿತು. ಹುಂಜದ ಬಾಲದ್ದೇ ಕಳಿಸು, ಉದುರಿದ್ದಾದರೆ ಸಾಕು. ನನ್ನ ಗೊಂಬೆಗೋಸ್ಕರ ಅದನ್ನು ಅಟ್ಟಿಸಿಕೊಂಡು ಹೋಗಬೇಡ.

ನಿನ್ನ
ಸಿಂಚನ