ಸುಟ್ಟ ಕಲೆ ಮತ್ತು ನನ್ನ ಪ್ರಬಂಧ

ಸೋಮವಾರ, ಮಧ್ಯಾಹ್ನ
ಪ್ರಯೋಗಾಲಯ, ಎರಡನೇ ಮಹಡಿ

ಅಮ್ಮಾ,

ಕೋಪ ಇಳಿದಿದ್ದರೆ ಓದು, ಇಳಿಯದಿದ್ದರೂ ಓದು.

ನನ್ನ ಪಿಎಚ್.ಡಿ. ಗೈಡ್ ನಿನಗೇ ಫೋನ್ ಮಾಡಿದರಂತೆ. ನನಗೆ ಬುದ್ಧಿ ಹೇಳಿಸಲು ಅವರಿಗೆ ನೀನೇ ಬೇಕಾಯಿತೇ! ಪದವಿ ಕೈಗೆ ಬರುವ ತನಕ ಸುಮ್ಮನಿರು ಎಂದು ನೀನೂ ನಿನ್ನೆ ಹೇಳಿದೆ. ಆಗುವುದಿಲ್ಲ ಅಮ್ಮ.

ನಡೆದದ್ದನ್ನು ಸರಿಯಾಗಿ ಕೇಳು. ವಿದ್ಯುತ್ ಹರಿಸಬಲ್ಲ ಒಂದು ಬಗೆಯ ಪ್ಲಾಸ್ಟಿಕ್ಕಿನ ತೆಳು ಪದರದ ಮೇಲೆ ನಾವು ಲೇಸರ್ ಬಿಡುತ್ತೇವೆ. ಅದರ ಮೈಮೇಲಿಂದ ಸಿಡಿದು ಬರುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುತ್ತೇವೆ. ಮೂರು ವರ್ಷದ ಹಿಂದೆ ಗ್ರಾಫಿನಲ್ಲಿ ಯಾರೂ ಕಂಡಿರದ ಒಂದು ಉಬ್ಬು ಕಾಣಿಸಿತು. ಮೇಲ್ಮೈಯ ಹೊಸ ಗುಣ ಅಂತ ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ಬರೆದೆವು, ಹೊಗಳಿಸಿಕೊಂಡೆವು. ನನ್ನ ಪ್ರಬಂಧ ಪೂರ್ತಿ ನಿಂತಿರುವುದು ಆ ಉಬ್ಬಿನ ಮೇಲೆ.

ಹೋದ ತಿಂಗಳು ಎರಡೆರಡು ನಿಮಿಷಕ್ಕೊಮ್ಮೆ ಪದರವನ್ನು ಕೂದಲೆಳೆಯಷ್ಟು ಸರಿಸುತ್ತಾ ಅಳೆದೆ. ಉಬ್ಬು ನಾಪತ್ತೆ. ಲೇಸರನ್ನು ಅರ್ಧ ಗಂಟೆ ಒಂದೇ ಕಡೆ ಬಿಟ್ಟೆ. ಮಹಾರಾಯ ಹಾಜರ್! ಇಸ್ತ್ರಿ ಅಂಗಡಿ ನಡೆಸುವವಳಿಗೆ ಬಿಡಿಸಿ ಹೇಳಬೇಕೇ? ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತರೆ ಏನಾಗುತ್ತದೋ ಅದೇ. ಸುಟ್ಟ ಕಲೆಯನ್ನು ನೀನು ಯಾವ ಗಿರಾಕಿಗೂ ಹೊಸ ಡಿಸೈನ್ ಅಂತ ಕೊಟ್ಟವಳಲ್ಲ.

ಇದನ್ನು ತೋರಿಸಿದಾಗ ಗೈಡ್ ಮುಖ ಸಪ್ಪಗಾಯಿತು. ಮೊದಲು ಪ್ರಬಂಧ ಸಲ್ಲಿಸು, ತಿದ್ದುಪಡಿ ಆಮೇಲೆ ನೋಡೋಣ ಎಂದರು. ಆರು ವರ್ಷ ನೀರುಪಾಲಾಗುತ್ತದೆ ಎಂದು ಹೆದರಿಸಿದರು. ಆಗಲಿ. ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಪತ್ರಿಕೆಗೆ ಇವತ್ತು ಬೆಳಿಗ್ಗೆ ನಾನೇ ಬರೆದು ಕಳಿಸಿದೆ. ಅತ್ತಿದ್ದು ನಿಜ, ಟಾಯ್ಲೆಟ್ಟಿನಲ್ಲಿ, ಹತ್ತು ನಿಮಿಷ. ಆಮೇಲೆ ಮುಖ ತೊಳೆದು ಬಂದು ಯಂತ್ರಕ್ಕೆ ಹೊಸ ಪದರ ಜೋಡಿಸಿದೆ.

ಪದವಿ ಇಲ್ಲದೆ ಮನೆಗೆ ಬಂದರೆ ಚಿಕ್ಕಮ್ಮ ಆಡಿಕೊಳ್ಳುತ್ತಾಳೆ, ಗೊತ್ತು. ಆಡಿಕೊಳ್ಳಲಿ. ನೀನು ಮಾತ್ರ ನನ್ನ ಪರವಾಗಿ ಯಾರಿಗೂ ಸಮಜಾಯಿಷಿ ಕೊಡಬೇಡ, ನನ್ನ ಬಾಯಿ ಇನ್ನೂ ಗಟ್ಟಿಯಾಗಿದೆ.

ನೀನೇ ಹೆತ್ತ,
ಮೊಂಡಿ

ತಾ.ಕ.: ತಪ್ಪು ಗೈಡ್‌ದು ಎಂದು ನಿನ್ನೆ ಫೋನಿನಲ್ಲಿ ನಿನ್ನನ್ನು ನಂಬಿಸಿದೆ. ಸುಳ್ಳು. ಉಬ್ಬು ಮೊದಲು ಕಂಡ ಅವತ್ತು ಲೇಸರ್ ಹಾಗೇ ಬಿಟ್ಟು ಊಟಕ್ಕೆ ಹೋದವಳು ನಾನು. ಪದರ ಹೊರಗೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂದು ಚುಕ್ಕೆಯೂ ಕಂಡಿತ್ತು. ಉಬ್ಬು ನೋಡಿ ಎಲ್ಲರೂ ಕುಣಿಯುತ್ತಿದ್ದರು, ಹೇಳಲು ಧೈರ್ಯವಾಗಲಿಲ್ಲ. ಆಮೇಲಿನ ಮೂರು ವರ್ಷದಲ್ಲೂ ಧೈರ್ಯ ಬರಲಿಲ್ಲ. ಅದನ್ನೂ ಪತ್ರಿಕೆಗೆ ಬರೆದಿದ್ದೇನೆ. ಗೈಡ್‌ಗೆ ಇನ್ನೂ ಗೊತ್ತಿಲ್ಲ. ಈಗ ಅವರ ಕೋಣೆಗೇ ಹೋಗುತ್ತಿದ್ದೇನೆ.